ಸದಾರಮೆಯ ಕಳ್ಳನೂ ನಾಟಕರಸಿಕರೂ

ನಾಟಕದ ಚರಿತ್ರೆಯನ್ನು ಬರೆಯತಕ್ಕವರು ಸಾಮಾನ್ಯವಾಗಿ ಕವಿಗಳನ್ನೂ ನಟರನ್ನೂ ಆಶ್ರಯದಾತರಾದ ದೊರೆಗಳನ್ನೂ ಹೆಸರಿಸಿ ತಮ್ಮ ಕೆಲಸವು ಮುಗಿಯಿತೆಂದು ಭಾವಿಸುತ್ತಾರೆ. ಕಾಸು ಕೊಟ್ಟು ನೆಲದ ಮೇಲೆ ಕುಳಿತು, ಬೆಳಗಿನ ಜಾವದವರೆಗೆ ಕಣ್ಣು ಮುಚ್ಚದೆ ನೋಡಿ, ಮರುದಿನ ಅದೇ ಹಾಡನ್ನು ಹೊಲದ ಬದುವಿನ ಮೇಲೆ ಗುನುಗಿದವನಿಗೆ ಆ ಚರಿತ್ರೆಯಲ್ಲಿ ಎಡೆ ದೊರೆಯುವುದು ಅಪೂರ್ವ. ಭರತಮುನಿಯಾದರೋ ಹೀಗೆ ಮಾಡಲಿಲ್ಲ. ಪ್ರಯೋಗವು ಫಲಿಸಿತೋ ಇಲ್ಲವೋ ಎಂಬುದನ್ನು ತಿಳಿಯುವುದಕ್ಕಾಗಿಯೇ ಆತನು ನಾಟ್ಯಶಾಸ್ತ್ರದಲ್ಲಿ ಒಂದು ಅಧ್ಯಾಯವನ್ನು ಮೀಸಲಿಟ್ಟು, ಪ್ರೇಕ್ಷಕರ ಕಿರುನಗೆ, ಅರೆನಗೆ, ಅಟ್ಟಹಾಸಗಳನ್ನೂ, ಸಾಧು ಸಾಧು ಎಂಬ ಉದ್ಗಾರವನ್ನೂ, ಮೈನವಿರೇಳುವುದನ್ನೂ, ಕುಳಿತಲ್ಲಿಂದ ಎದ್ದು ನಿಲ್ಲುವುದನ್ನೂ, ಉತ್ತರೀಯವನ್ನೂ ಉಂಗುರವನ್ನೂ ನಟನ ಕಡೆಗೆ ಎಸೆಯುವುದನ್ನೂ ಒಂದೊಂದಾಗಿ ಎಣಿಸಿ, ಇವೆಲ್ಲವನ್ನೂ ಮಾನುಷೀ ಸಿದ್ಧಿಯೆಂದು ಕರೆದನು. ರಂಗವು ತುಂಬಿದ್ದು, ಸದ್ದಾಗಲಿ ಕ್ಷೋಭೆಯಾಗಲಿ ಉತ್ಪಾತವಾಗಲಿ ಇಲ್ಲದಿರುವಾಗ ದೊರೆಯುವುದು ದೈವೀ ಸಿದ್ಧಿ. ಅಂದರೆ, ನಾಟಕದ ಗೆಲವು ಸೋಲುಗಳನ್ನು ಬರೆದಿಡುವ ಪುಸ್ತಕವು ಪ್ರೇಕ್ಷಕನ ಮುಖವೇ ಎಂಬುದು ಆ ಪ್ರಾಚೀನನ ಅಭಿಪ್ರಾಯ.

ಈ ಅಭಿಪ್ರಾಯಕ್ಕೆ ಕನ್ನಡ ರಂಗಭೂಮಿಯಲ್ಲಿ 'ಸದಾರಮೆ'ಗಿಂತ ಉತ್ತಮವಾದ ನಿದರ್ಶನವು ಸಿಕ್ಕುವುದು ಕಷ್ಟ. ಬೆಳ್ಳಾವೆ ನರಹರಿಶಾಸ್ತ್ರಿಗಳು ಬರೆದು, ಗುಬ್ಬಿ ಕಂಪನಿಯವರು ಊರೂರುಗಳಲ್ಲಿ ಆಡಿ ಪ್ರಸಿದ್ಧಿಗೆ ತಂದ ಈ ಸಂಗೀತಪ್ರಧಾನವಾದ ಹಾಸ್ಯನಾಟಕವು ಹೊಸದಾಗಿದ್ದ ಕಾಲದಲ್ಲಿ ಜನರು ಅದನ್ನು ಹೇಗೆ ಬರಮಾಡಿಕೊಂಡರು, ಆ ಆದರವು ನಾಟಕದ ಸ್ವರೂಪವನ್ನೇ ಹೇಗೆ ತಿದ್ದಿತು ಎಂಬುದನ್ನು ವಿಚಾರಮಾಡಿದರೆ, ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಗಳಲ್ಲಿ ಇಂದಿಗೂ ರಾತ್ರಿಯಿಡೀ ನಡೆಯುವ ಹಳ್ಳಿಯ ನಾಟಕಗಳ ಮೂಲವೂ ಅರ್ಥವಾಗುತ್ತದೆ.

ಈ ನಾಲ್ಕು ಸೀಮೆಗಳು ಬೆಂಗಳೂರಿಗೂ ಮೈಸೂರಿಗೂ ನಡುವಣ ಪ್ರದೇಶದವು. ಮೈಸೂರಿನ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನ ಹೆಸರಿನಿಂದ ಕ್ಲೋಸ್‌ಪೇಟೆಯೆನಿಸಿಕೊಂಡಿದ್ದ ಊರು ಈಗಿನ ರಾಮನಗರ. ಕಾನಕಾನಹಳ್ಳಿಯೆಂಬುದು ಈಗಿನ ಕನಕಪುರ. ಬೆಂಗಳೂರಿನಿಂದ ಮೈಸೂರಿಗೆ ರೈಲುಹಾದಿಯನ್ನು ಹಾಕಿದುದು 1881-82ರ ಸುಮಾರಿನಲ್ಲಿ. ಅದೇ ವರ್ಷಗಳಲ್ಲಿ ಮೈಸೂರಿನ ಅರಮನೆಯಲ್ಲಿ ಹತ್ತನೆಯ ಚಾಮರಾಜ ಒಡೆಯರ ಆಶ್ರಯದಲ್ಲಿ ಶ್ರೀ ಚಾಮರಾಜೇಂದ್ರ ಕರ್ಣಾಟಕ ನಾಟಕ ಸಭೆಯು ತಲೆಯೆತ್ತಿ, ಬಸವಪ್ಪಶಾಸ್ತ್ರಿಗಳು ಕನ್ನಡಿಸಿದ ಶಾಕುಂತಲವು ರಂಗವನ್ನೇರಿತು. ಎರಡು ವರ್ಷಗಳ ತರುವಾಯ, 1884ರಲ್ಲಿ, ತುಮಕೂರು ಸೀಮೆಯ ಗುಬ್ಬಿಯಲ್ಲಿ ಚನ್ನಬಸವೇಶ್ವರ ಸ್ವಾಮಿಯ ಹೆಸರಿನಲ್ಲಿ ನಾಟಕ ಸಂಘವು ಹುಟ್ಟಿತು. ರೈಲೂ ನಾಟಕವೂ ಹೀಗೆ ಒಂದೇ ಕಾಲದಲ್ಲಿ ಬಂದುದು ಆಕಸ್ಮಿಕವಾಗಿದ್ದರೂ, ಅದರ ಫಲವು ಆಕಸ್ಮಿಕವಲ್ಲ. ಅರಮನೆ, ರಾಜಬೀದಿ, ಕಾಡು, ತಪೋವನಗಳನ್ನು ಬರೆದ ಪರದೆಗಳು, ಮರದ ಸಿಂಹಾಸನ, ಉಡುಪಿನ ಪೆಟ್ಟಿಗೆಗಳು, ಕಾಲಿನಿಂದ ಒತ್ತಿ ನುಡಿಸುವ ಹಾರ್ಮೋನಿಯಂ, ಇವುಗಳೊಡನೆ ಹತ್ತಾರು ಜನ ನಟರೂ ಅವರ ಸಂಸಾರಗಳೂ ಊರಿಂದೂರಿಗೆ ಹೋಗಬೇಕಾದರೆ ಬಂಡಿಯೊಂದೇ ಸಾಲದು. ರಾಮನಗರ ಮತ್ತು ಚನ್ನಪಟ್ಟಣಗಳು ರೈಲುಹಾದಿಯ ಮೇಲಣ ಊರುಗಳು. ರೈಲುನಿಲ್ದಾಣವಿಲ್ಲದ ಕನಕಪುರಕ್ಕೂ ಮಾಗಡಿಗೂ ಎತ್ತಿನ ಗಾಡಿ, ಮುಂದೆ ಮೋಟಾರು ಬಸ್ಸು, ಇವೇ ಗತಿ.

ನಾಟಕವೆಂಬುದು ಈ ನಾಡಿನ ಜನಕ್ಕೆ ಹೊಸದಾಗಿರಲಿಲ್ಲ. ಮೂಡಲಪಾಯದ ಭಾಗವತರು ಸುಗ್ಗಿಯ ನಂತರ ಕಣದಲ್ಲಿಯೋ ಗುಡಿಯ ಮುಂದೆಯೋ ಆಡಿಸುತ್ತಿದ್ದ ಬಯಲಾಟಗಳಲ್ಲಿ ರಾಜವೇಷಗಳೊಡನೆ ಕೋಡಂಗಿಯೂ ಇದ್ದನು. ಅವನು ಅರಸನನ್ನು ಗೇಲಿಮಾಡಬಹುದು, ನಾಡಭಾಷೆಯಲ್ಲಿ ಹರಟಬಹುದು, ಎದುರಿಗೆ ಕುಳಿತ ಊರಗೌಡನನ್ನೂ ಮಾತಿಗೆಳೆಯಬಹುದು. ಕಂಪನಿಯ ನಾಟಕವು ತಂದ ಹೊಸತನವೆಂದರೆ ಪರದೆ, ದೀಪ, ಟಿಕೆಟ್ಟು, ಹಾಗೂ ಸಂಗೀತ. ಸಾಂಗಲಿಯಲ್ಲಿ 1843ರಲ್ಲಿ ವಿಷ್ಣುದಾಸ ಭಾವೆಯವರು ಮರಾಠಿ ನಾಟಕವನ್ನು ಮೊದಲು ಮಾಡಿದಾಗ ಅವರಿಗೆ ಪ್ರೇರಣೆಯಾದದ್ದು ಕರ್ಣಾಟಕದಿಂದ ಹೋಗಿದ್ದ ಭಾಗವತರ ಆಟ. 1880ರಲ್ಲಿ ಪುಣೆಯಲ್ಲಿ ಸಂಗೀತ ಶಾಕುಂತಲವನ್ನು ಆಡಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದುದು ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ. ಹೀಗೆ ಕನ್ನಡನಾಡಿನಿಂದ ಹೋದ ಬೀಜವು ಪರನಾಡಿನಲ್ಲಿ ಮರವಾಗಿ, ಅದರ ಹಣ್ಣು ಮರಾಠಿ ಮತ್ತು ಪಾರಸೀ ಕಂಪನಿಗಳ ಮೂಲಕ ಮತ್ತೆ ಕನ್ನಡಕ್ಕೆ ಬಂದಿತು.

ಆ ಕಾಲದ ಕನ್ನಡ ನಾಟಕದ ಪುಸ್ತಕವನ್ನು ತೆರೆದರೆ, ಪ್ರತಿಯೊಂದು ಹಾಡಿನ ನೆತ್ತಿಯ ಮೇಲೆ ರಾಗ, ತಾಳ, ಮತ್ತು ಇಂಥ ಪ್ರಸಿದ್ಧ ಹಾಡಿನ ಮಟ್ಟು ಎಂಬ ಸೂಚನೆಯು ಕಾಣುತ್ತದೆ. ಕೇಳಿದವರಿಗೆ ರಾಗವು ಮೊದಲೇ ಪರಿಚಿತ; ಮಾತು ಮಾತ್ರ ಹೊಸದು. ಎರಡು ಸಲ ಕೇಳಿದವನು ಹಾಡನ್ನು ಮನೆಗೆ ಒಯ್ಯುತ್ತಿದ್ದನು. ಈ ಉಪಾಯವು ಕನ್ನಡ ಕಂಪನಿಗಳಿಗೆ ಮಾತ್ರ ಹೊಳೆದುದಲ್ಲ. 1728ರಲ್ಲಿ ಲಂಡನ್ನಿನಲ್ಲಿ ಜಾನ್ ಗೇ ಎಂಬಾತನು 'ಭಿಕ್ಷುಕನ ಸಂಗೀತನಾಟಕ'ವನ್ನು ಬರೆದಾಗ, ಬೀದಿಯಲ್ಲಿ ಜನರು ಹಾಡುತ್ತಿದ್ದ ಮಟ್ಟುಗಳನ್ನೇ ಎತ್ತಿಕೊಂಡು ಹೊಸ ಮಾತುಗಳನ್ನು ಕೂಡಿಸಿದನು. ಆ ನಾಟಕವು ಮೊದಲ ವರ್ಷದಲ್ಲಿಯೇ 62 ರಾತ್ರಿ ನಡೆಯಿತು. ಅದರ ನಾಯಕನೂ ದಾರಿಗಳ್ಳನೇ ಎಂಬುದು ಸದಾರಮೆಯ ಪ್ರಸಂಗದಲ್ಲಿ ನೆನೆಯತಕ್ಕ ವಿಷಯ.

ಗಂಭೀರರಸಕ್ಕೆ ಅರಮನೆಯ ಮನ್ನಣೆಯಿದ್ದಂತೆ ಹಾಸ್ಯಕ್ಕೆ ಮೊದಮೊದಲು ಇರಲಿಲ್ಲ. ಉತ್ತರ ಕನ್ನಡದ ಕರ್ಕಿಯ ಸೂರಿ ವೆಂಕಟರಮಣಶಾಸ್ತ್ರಿಗಳು 1887ರಲ್ಲಿ 'ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ'ವನ್ನು ಪ್ರಕಟಿಸಿ, ಕನ್ಯಾವಿಕ್ರಯವನ್ನು ನಗೆಯಿಂದಲೇ ಖಂಡಿಸಿದರು. ಆದರೆ ಅದು ಆ ಕಾಲಕ್ಕೆ ಒಂಟಿ ದನಿ. ಕಂಪನಿಗಳಲ್ಲಿ ಹಾಸ್ಯವು ಮುಖ್ಯಕಥೆಯ ಎಡೆಯಲ್ಲಿ ಬರುವ ಉಪಕಥೆ. ನಾಯಕನು ವೇಷವನ್ನು ಬದಲಿಸುವಷ್ಟರಲ್ಲಿ, ಒಳಗೆ ದೊಡ್ಡ ಸೀನನ್ನು ಜೋಡಿಸುವಷ್ಟರಲ್ಲಿ, ಮುಂದಿನ ಪರದೆಯೆದುರಿಗೆ ಇಬ್ಬರು ನಗೆಗಾರರು ಬಂದು ಹೊತ್ತು ಕಳೆಯುತ್ತಿದ್ದರು. ಇಂತಿರಲು, ಹೊತ್ತು ಕಳೆಯುವುದಕ್ಕಾಗಿ ಬಂದವರನ್ನೇ ನೋಡುವುದಕ್ಕೆ ಜನರು ಬರತೊಡಗಿದರೆಂಬುದು ಹಾಸ್ಯದ ಏಳಿಗೆಯ ಮೊದಲ ಮೆಟ್ಟಲು. ಸದಾರಮೆಯಲ್ಲಿ ಆ ಏಳಿಗೆಯು ಪೂರ್ಣವಾಯಿತು. ಅಲ್ಲಿ ಹಾಸ್ಯವು ಬಾಗಿಲ ಬಳಿಯಿಂದ ನಡುಮನೆಗೆ ಬಂದಿತು.

ಸದಾರಮೆಯ ಕಥೆಯು ಪುರಾಣದ್ದಲ್ಲ. ಜಯವೀರನೆಂಬ ರಾಜಕುಮಾರನು ಬಂಗಾರಶೆಟ್ಟಿಯೆಂಬ ಲೋಭಿಯಾದ ವರ್ತಕನ ಮಗಳು ಸದಾರಮೆಯನ್ನು ಮೋಹಿಸುತ್ತಾನೆ. ಮಗಳನ್ನು ಕೊಡಬೇಕಾದರೆ ರಾಜ್ಯವನ್ನು ಕೊಡೆಂದು ವರ್ತಕನು ಕೇಳುತ್ತಾನೆ, ರಾಜಕುಮಾರನು ಕೊಟ್ಟುಬಿಡುತ್ತಾನೆ. ಶೆಟ್ಟಿಯೂ ಅವನ ಮಗ ಆದಿಮೂರ್ತಿಯೂ ಸಿಂಹಾಸನದ ಮೇಲೆ ಕುಳಿತರೆ, ಸಿಂಹಾಸನಕ್ಕೆ ಹುಟ್ಟಿದವನು ಹೆಂಡತಿಯೊಡನೆ ಬೀದಿಯ ಪಾಲಾಗುತ್ತಾನೆ. ಮುಂದೆ ದಂಪತಿಗಳು ಅಗಲುತ್ತಾರೆ. ಸದಾರಮೆಯು ಕಾಮುಕರ ಕಣ್ಣಿಗೆ ಬೀಳುತ್ತಾಳೆ. ಕಾಡಿನಲ್ಲಿ ಕಳ್ಳನ ಕೈಗೂ ಸಿಕ್ಕುತ್ತಾಳೆ. ಅಲ್ಲಿ ಅಳುತ್ತ ಕೂರದೆ, ನಯವಾದ ಮಾತುಗಳಿಂದ ಅವನನ್ನು ನಂಬಿಸಿ, ಬೇಸ್ತುಬೀಳಿಸಿ ಪಾರಾಗಿ, ಗಂಡುವೇಷವನ್ನು ತೊಟ್ಟು, ಕಟ್ಟಕಡೆಗೆ ಪತಿಯನ್ನು ಕೂಡಿಕೊಳ್ಳುತ್ತಾಳೆ. ಈ ಕಥೆಯು ಕನ್ನಡಕ್ಕೆ ಮಾತ್ರ ಸೇರಿದುದೂ ಅಲ್ಲ, ಮಲಯಾಳದಲ್ಲಿ ಕೆ. ಸಿ. ಕೇಶವಪಿಳ್ಳೆಯವರು ಇದನ್ನೇ ಸಂಗೀತನಾಟಕವನ್ನಾಗಿ ರಚಿಸಿ ಖ್ಯಾತರಾದರು.

ಈ ಕಥೆಯಲ್ಲಿ ನೋಡುವವರಿಗೆ ಹಿಡಿಸಿದುದೇನೆಂದು ಕೇಳಬಹುದು. ಮೊದಲನೆಯದು, ನಗೆಗೆ ಗುರಿಯಾಗುವವರು ಯಾರು ಎಂಬುದು. ಲೋಭಿಯಾದ ಸಾಹುಕಾರ, ಯೋಗ್ಯತೆಯಿಲ್ಲದೆ ಅಧಿಕಾರಕ್ಕೆ ಬಂದ ಅವನ ಮಗ, ಹೆಣ್ಣಿನ ಮೇಲೆ ಕಣ್ಣುಹಾಕುವ ದೊರೆ, ಇವರೆಲ್ಲರೂ ರಂಗದ ಹೊರಗೆ ಭಯವನ್ನೋ ಸಂಕಟವನ್ನೋ ಉಂಟುಮಾಡತಕ್ಕವರು. ಸಾಲದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಬಂದವನು ಬಂಗಾರಶೆಟ್ಟಿಯನ್ನು ನೋಡಿ ನಕ್ಕರೆ ಆ ನಗೆಯು ಬರಿಯ ವಿನೋದವಲ್ಲ. ಎರಡನೆಯದು, ಆಪತ್ತಿನಲ್ಲಿ ಹೆಣ್ಣೇ ಬುದ್ಧಿಯನ್ನು ನಡೆಸುವುದು. ಪೌರಾಣಿಕ ನಾಟಕಗಳಲ್ಲಿ ಸಾಧ್ವಿಯಾದವಳ ಕಷ್ಟವನ್ನು ದೈವವು ಬಂದು ಬಿಡಿಸಬೇಕು. ಸದಾರಮೆಯ ಕಷ್ಟವನ್ನು ಸದಾರಮೆಯ ಮಾತೇ ಬಿಡಿಸುತ್ತದೆ. ಬೇರೆಯಾಗಿ ಹಾಕಿದ್ದ ಹೆಂಗಸರ ಸಾಲುಗಳಲ್ಲಿ ಕುಳಿತವರಿಗೆ ಇದು ಸಾಮಾನ್ಯವಾದ ನೋಟವಾಗಿರಲಿಲ್ಲ.

ಮೂರನೆಯದು ಕಳ್ಳನ ಪಾತ್ರ. ಕಥೆಯ ಲೆಕ್ಕದಲ್ಲಿ ಅವನು ದಾರಿಯಲ್ಲಿ ಸಿಕ್ಕಿ ದಾರಿಯಲ್ಲಿಯೇ ಉಳಿದುಹೋಗುವವನು. ರಂಗದ ಲೆಕ್ಕದಲ್ಲಿ ಅವನೇ ದೊಡ್ಡವನು. ಆ ವೇಷವನ್ನು ಧರಿಸಿ ಮನೆಮಾತಾದವರು ಗುಬ್ಬಿ ವೀರಣ್ಣನವರು. ಇವರು 1891ರಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಕಂಪನಿಯನ್ನು ಸೇರಿ, 1917ರಲ್ಲಿ ಅದರ ಒಡೆತನವನ್ನು ವಹಿಸಿಕೊಂಡರು. ಒಡೆಯನಾದವನು ರಾಜಪಾರ್ಟನ್ನು ಹಿಡಿಯುವುದು ಕಂಪನಿಗಳ ವಾಡಿಕೆಯಾಗಿರಲು, ವೀರಣ್ಣನವರು ನಗಿಸುವವನ ಪಾತ್ರವನ್ನೇ ತಮ್ಮದಾಗಿಟ್ಟುಕೊಂಡರು. ಕಿರೀಟವನ್ನು ಬೇರೆಯವರಿಗೆ ಕೊಟ್ಟು, ತಾವು ಕಳ್ಳನ ಕಂಬಳಿಯನ್ನು ಹೊದ್ದು, ಕಂಪನಿಯ ಹೆಸರನ್ನು ಅದರಿಂದಲೇ ಬೆಳಸಿದರು. ಜನರ ಮುಖವನ್ನು ಓದಬಲ್ಲವನಲ್ಲದೆ ಬೇರೆಯವನು ಇಂಥ ನಿರ್ಧಾರವನ್ನು ಮಾಡಲಾರನು.

ಕಳ್ಳನನ್ನು ಮೆಚ್ಚುವುದೆಂದರೆ ಕಳವನ್ನು ಮೆಚ್ಚುವುದಲ್ಲ. ಶೂದ್ರಕನ ಮೃಚ್ಛಕಟಿಕದಲ್ಲಿ ಶರ್ವಿಲಕನು ಗೋಡೆಗೆ ಕನ್ನವಿಡುವ ಮೊದಲು ತನ್ನ ವಿದ್ಯೆಯ ಶಾಸ್ತ್ರವನ್ನು ವಿಚಾರಮಾಡುತ್ತ ನಿಲ್ಲುತ್ತಾನೆ. ಯಜ್ಞೋಪವೀತವನ್ನು ಅಳತೆಯ ದಾರವನ್ನಾಗಿ ಮಾಡಿಕೊಳ್ಳುತ್ತಾನೆ. ಅಲ್ಲಿಂದ ಸದಾರಮೆಯ ಕಾಡಿನವರೆಗೆ ರಂಗದ ಕಳ್ಳನು ಒಂದು ಕೆಲಸವನ್ನು ಮಾಡುತ್ತ ಬಂದಿದ್ದಾನೆ: ಮರ್ಯಾದಸ್ಥರ ನಡೆನುಡಿಗಳನ್ನು ತನ್ನ ಮೈಮೇಲೆ ಹಾಕಿಕೊಂಡು, ಅವು ಎಷ್ಟು ಸಡಿಲವಾಗಿವೆಯೆಂಬುದನ್ನು ತೋರಿಸುವುದು. ಮಗಳನ್ನು ರಾಜ್ಯಕ್ಕೆ ಮಾರಿದ ವರ್ತಕನನ್ನೂ ಪರಸತಿಯನ್ನು ಬಯಸಿದ ಅರಸನನ್ನೂ ನೋಡಿದ ಮೇಲೆ, ಕಳ್ಳನೆಂಬ ಹೆಸರನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡವನು ಇವನೊಬ್ಬನೇ ಎಂದು ಪ್ರೇಕ್ಷಕನಿಗೆ ತೋರುತ್ತದೆ. ಈ ಹೋಲಿಕೆಯನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ, ನಗೆಯೇ ಹೇಳುತ್ತದೆ.

ಹಾಸ್ಯದ ಮಾತು ಅಚ್ಚಾದ ಪುಸ್ತಕದಲ್ಲಿರುವಷ್ಟಕ್ಕೇ ನಿಲ್ಲತಕ್ಕದ್ದಲ್ಲ. ಆಯಾ ಊರಿನ ಸಂತೆ, ಕೆರೆ, ಅಂದಿನ ಮಳೆಬೆಳೆ, ಎದುರಿಗೆ ಕುಳಿತವರ ಕೆಮ್ಮು, ಎಲ್ಲವೂ ಬಲ್ಲ ನಟನಿಗೆ ಸಾಮಗ್ರಿ. ಒಂದೂರಿನಲ್ಲಿ ಫಲಿಸಿದ ಮಾತನ್ನು ನಟನು ಮುಂದಿನ ಊರಿಗೆ ಒಯ್ಯುತ್ತಾನೆ. ಫಲಿಸದುದನ್ನು ಅಲ್ಲಿಯೇ ಬಿಡುತ್ತಾನೆ. ಹೀಗೆ ನೂರಾರು ರಾತ್ರಿಗಳು ಕಳೆದ ಮೇಲೆ ಉಳಿಯುವ ಪಾತ್ರವು ಕವಿಯೊಬ್ಬನದೂ ಅಲ್ಲ, ನಟನೊಬ್ಬನದೂ ಅಲ್ಲ. ಪ್ರೇಕ್ಷಕನ ಅಭಿಪ್ರಾಯವು ಪತ್ರಿಕೆಗಳಲ್ಲಿ ಅಚ್ಚಾಗಿರಲಿ ಆಗದಿರಲಿ, ಪಾತ್ರದ ಮೈಮೇಲೆ ಅಚ್ಚೊತ್ತಿರುತ್ತದೆ.

ಸುಶಿಕ್ಷಿತರ ಆಕ್ಷೇಪವನ್ನು ಇಲ್ಲಿ ಮರೆಯಲಾಗದು. ಹಾಡು ಮುಗಿದೊಡನೆ 'ಒನ್ಸ್ ಮೋರ್' ಎಂಬ ಕೂಗು ಏಳುವುದು, ನಟನು ಕಥೆಯನ್ನು ಬಿಟ್ಟು ಅದೇ ಹಾಡನ್ನು ಮೂರು ನಾಲ್ಕು ಸಲ ಹಾಡುವುದು, ಮರಣೋನ್ಮುಖನಾದ ಪಾತ್ರವು ಎದ್ದು ಕುಳಿತು ಆಲಾಪನೆ ಮಾಡಿ ಮತ್ತೆ ಮಲಗುವುದು, ಇವು ರಸಭಂಗಕರವೆಂಬುದರಲ್ಲಿ ಸಂದೇಹವಿಲ್ಲ. ಬೆಂಗಳೂರಿನಲ್ಲಿ 1909ರಲ್ಲಿ ಅಮೆಚ್ಯೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಹುಟ್ಟಿದುದಕ್ಕೂ, 1918ರ ಸುಮಾರಿನಿಂದ ಟಿ. ಪಿ. ಕೈಲಾಸಂ ಅವರು 'ಟೊಳ್ಳುಗಟ್ಟಿ' ಮೊದಲಾದ ನಾಟಕಗಳಲ್ಲಿ ಹಾಡಿನ ಹಂಗನ್ನು ತೊರೆದು, ಮನೆಯೊಳಗಿನ ಆಡುಮಾತಿನಿಂದಲೇ ನಗಿಸತೊಡಗಿದುದಕ್ಕೂ ಈ ಅತೃಪ್ತಿಯು ಕಾರಣಗಳಲ್ಲೊಂದು. ಕೈಲಾಸಂ ಅವರ ನಗೆಯು ಕನ್ನಡಕ್ಕೆ ದೊಡ್ಡ ಲಾಭ. ಆದರೆ ಅದನ್ನು ಸವಿಯುವುದಕ್ಕೆ ಬೆಂಗಳೂರಿನ ವಕೀಲರ ಮನೆಯ ಪರಿಚಯ ಬೇಕು. ಮಾತಿನ ನಡುವೆ ಹೆಣೆದ ಇಂಗ್ಲೀಷು ತಿಳಿಯಬೇಕು. ಸದಾರಮೆಯ ಕಳ್ಳನಿಗೆ ಇವಾವುವೂ ಬೇಕಿರಲಿಲ್ಲ. ನೆಲದ ಟಿಕೆಟ್ಟಿನವನೂ ಕುರ್ಚಿಯವನೂ ಒಂದೇ ಕ್ಷಣದಲ್ಲಿ ನಗುವಂತೆ ಮಾಡುವುದು ಅವನ ಶಕ್ತಿ.

ಅದೂ ಅಲ್ಲದೆ, ಸಂಗೀತವೂ ಹಾಸ್ಯವೂ ಒಂದೆಡೆ ನಿಂತರೆ ಹಾಸ್ಯವು ಕೀಳಾಗುವುದೆಂಬ ನಿಯಮವೇನೂ ಇಲ್ಲ. ಮರಾಠಿಯ ಗೋವಿಂದ ಬಲ್ಲಾಳ ದೇವಲರು ಫ್ರಾನ್ಸಿನ ಮೊಲಿಯೇರನ ಪ್ರಹಸನವೊಂದರ ಕಥೆಯನ್ನು ಇಂಗ್ಲೀಷಿನ ಮೂಲಕ ಪಡೆದು ರಚಿಸಿದ 'ಸಂಶಯಕಲ್ಲೋಳ'ವನ್ನು 1916ರಲ್ಲಿ ಬಾಲಗಂಧರ್ವರ ಮಂಡಳಿಯು ಆಡಿದಾಗ, ರಾಗಸಂಗೀತವೂ ಗಂಡಹೆಂಡಿರ ಸಂಶಯದ ನಗೆಯೂ ಒಂದನ್ನೊಂದು ಕೆಡಿಸಲಿಲ್ಲ. ಹಾಡು ನಟನ ಬಾಯಿಂದ ಪಾತ್ರದ ಮನಸ್ಸನ್ನು ಹೇಳುತ್ತಿದೆಯೋ, ಅಥವಾ ಹಾಡುಗಾರನ ಕಂಠವನ್ನು ಮಾತ್ರ ಮೆರೆಸುತ್ತಿದೆಯೋ ಎಂಬುದೇ ಇಲ್ಲಿ ಪರೀಕ್ಷೆ. ಆ ಪರೀಕ್ಷೆಯನ್ನು ಮಾಡತಕ್ಕವನು ಪ್ರೇಕ್ಷಕನು. ಆದುದರಿಂದ ರಸಭಂಗದ ಹೊಣೆಯೂ ಅವನದೇ. ಚಪ್ಪಾಳೆಯು ನಾಟಕವನ್ನು ಬೆಳಸುವಂತೆ ಕೆಡಿಸಲೂ ಬಲ್ಲುದು.

ಸದಾರಮೆಯ ಪಾತ್ರಕ್ಕೂ ಇಂಥದೇ ಒಂದು ಚರಿತ್ರೆಯಿದೆ. ಕಂಪನಿಗಳ ಮೊದಲ ಕಾಲದಲ್ಲಿ ಸ್ತ್ರೀಪಾತ್ರಗಳನ್ನು ಗಂಡಸರೇ ಧರಿಸುತ್ತಿದ್ದರು. ನಟಿಯರು ರಂಗಕ್ಕೆ ಬಂದಾಗ, ಅವರ ಹಾಡಿಗೆ ತಲೆದೂಗಿದ ಸಮಾಜವೇ ಅವರನ್ನು ಮನೆಯೊಳಗೆ ಕರೆಯಲು ಹಿಂಜರಿಯಿತು. ಹೆಣ್ಣಿನ ಜಾಣತನವನ್ನು ಕೊಂಡಾಡುವ ನಾಟಕವನ್ನು ಮೆಚ್ಚಿದವರು, ಅದನ್ನು ಆಡುವ ಹೆಣ್ಣನ್ನು ಗೌರವಿಸಲು ಬಹುಕಾಲ ಕಲಿಯಬೇಕಾಯಿತು. ಬಿ. ಜಯಮ್ಮನವರಂಥ ನಟಿಯರು ಗುಬ್ಬಿ ಕಂಪನಿಯ ರಂಗದ ಮೇಲೆ ಗಳಿಸಿದ ಕೀರ್ತಿಯು ಈ ಕಲಿಕೆಗೆ ನೆರವಾಯಿತು. 1935ರಲ್ಲಿ ರಾಜಾ ಚಂದ್ರಶೇಖರ್ ಅವರು ಸದಾರಮೆಯನ್ನು ಮಾತಿನ ಚಲನಚಿತ್ರವನ್ನಾಗಿ ತೆಗೆದಾಗ ನಾಯಕಿಯಾದವರು ಕೆ. ಅಶ್ವತ್ಥಮ್ಮನವರು. ಅದರ ಹಿಂದಿನ ವರ್ಷ, 1934ರಲ್ಲಿ, ಕನ್ನಡದ ಮೊದಲ ವಾಕ್ಚಿತ್ರವಾಗಿ ತೆರೆಕಂಡ 'ಸತಿ ಸುಲೋಚನಾ'ಕ್ಕೆ ಮಾತನ್ನೂ ಹಾಡನ್ನೂ ಬರೆದವರು ಸದಾರಮೆಯ ಕವಿಗಳಾದ ನರಹರಿಶಾಸ್ತ್ರಿಗಳೇ.

ಚಲನಚಿತ್ರವು ನಾಟಕದಿಂದ ಕಥೆಯನ್ನೂ ಕವಿಯನ್ನೂ ನಟರನ್ನೂ ಪಡೆದು, ಕೊನೆಗೆ ಪ್ರೇಕ್ಷಕನನ್ನೂ ಕರೆದುಕೊಂಡು ಹೋಯಿತು. ತೆರೆಯ ಮೇಲಣ ಕಳ್ಳನು ಎಲ್ಲ ಊರುಗಳಲ್ಲಿಯೂ ಒಂದೇ ಮಾತನ್ನಾಡುತ್ತಾನೆ. ಚನ್ನಪಟ್ಟಣದವರು ನಕ್ಕರೆಂದು ಮಾಗಡಿಯಲ್ಲಿ ಅವನ ಮಾತು ಬದಲಾಗುವುದಿಲ್ಲ. ಕಂಪನಿಗಳು ಒಂದೊಂದಾಗಿ ಡೇರೆಗಳನ್ನು ಕಿತ್ತವು. ವೀರಣ್ಣನವರು 1972ರಲ್ಲಿ ಕಾಲವಾದರು. ಆದರೂ ಸಂಗೀತವೂ ನಗೆಯೂ ಕೂಡಿದ ನಾಟಕದ ಎಳೆ ಕಡಿಯಲಿಲ್ಲ. ಬಾಲ್ಯದಲ್ಲಿ ಗುಬ್ಬಿ ಕಂಪನಿಯಲ್ಲಿ ಬೆಳೆದ ಬಿ. ವಿ. ಕಾರಂತರು ಹೊಸ ರಂಗಭೂಮಿಗೆ ಹಾಡನ್ನು ಮತ್ತೆ ತಂದರು. ವೀರಣ್ಣನವರ ಮೊಮ್ಮಗಳಾದ ಬಿ. ಜಯಶ್ರೀಯವರು 1976ರಲ್ಲಿ ಸ್ಪಂದನವೆಂಬ ತಂಡವನ್ನು ಕಟ್ಟಿ, ಸದಾರಮೆಯನ್ನು ಹೊಸ ತಲೆಮಾರಿನವರ ಮುಂದೆ ನಿಲ್ಲಿಸಿದರು. ರಾಮನಗರದ ಬಳಿ ಎಚ್. ಎಲ್. ನಾಗೇಗೌಡರು 1994ರಲ್ಲಿ ಆರಂಭಿಸಿದ ಜಾನಪದ ಲೋಕವು ಹಳ್ಳಿಯ ಕಲೆಗಳಿಗೆ ಒಂದು ನೆಲೆಯಾಯಿತು.

ಆದರೆ ಕಂಪನಿಯ ನಿಜವಾದ ವಾರಸುದಾರರು ಹಳ್ಳಿಗಳಲ್ಲಿದ್ದಾರೆ. ಈ ನಾಲ್ಕು ಸೀಮೆಗಳ ಗ್ರಾಮಗಳಲ್ಲಿ ಹಬ್ಬ ಜಾತ್ರೆಗಳ ಕಾಲಕ್ಕೆ ಕುರುಕ್ಷೇತ್ರ ಮೊದಲಾದ ಪೌರಾಣಿಕ ನಾಟಕಗಳು ಇಂದಿಗೂ ನಡೆಯುತ್ತವೆ. ರೇಷ್ಮೆ ಸಾಕುವವನು, ಅಂಗಡಿಯವನು, ಶಾಲೆಯ ಉಪಾಧ್ಯಾಯ, ಬಸ್ಸಿನ ಕಂಡಕ್ಟರ್, ಎಲ್ಲರೂ ರಾತ್ರಿಯ ವೇಳೆ ಹಾರ್ಮೋನಿಯಂ ಹಿಡಿದ ನಾಟಕದ ಮೇಷ್ಟರ ಮುಂದೆ ಕುಳಿತು ಕಂದವನ್ನೂ ವೃತ್ತವನ್ನೂ ತಿಂಗಳುಗಟ್ಟಲೆ ಕಲಿಯುತ್ತಾರೆ. ಪಾತ್ರಗಳಿಗೆ ಬೆಲೆಯಿದೆ, ಕೃಷ್ಣನಿಗೂ ದುರ್ಯೋಧನನಿಗೂ ಹೆಚ್ಚು, ಪರಿವಾರದವರಿಗೆ ಕಡಿಮೆ. ಆ ಹಣದಿಂದಲೇ ಸೀನರಿಯೂ ಉಡುಪೂ ಬಾಡಿಗೆಗೆ ಬರುತ್ತವೆ. ಸ್ತ್ರೀಪಾತ್ರಗಳಿಗೆ ವೃತ್ತಿನಟಿಯರು ಬರುತ್ತಾರೆ. ನಾಟಕದ ನಡುವೆ ಬಂಧುಗಳು ರಂಗವನ್ನೇರಿ ನಟನಿಗೆ ಹಾರವನ್ನು ಹಾಕುತ್ತಾರೆ, ಶಾಲನ್ನು ಹೊದಿಸುತ್ತಾರೆ, ಉಂಗುರವನ್ನು ತೊಡಿಸುತ್ತಾರೆ. ನೋಡಿದ ನಾಗರಿಕನು ಇದನ್ನು ರಸಾಭಾಸವೆಂದು ಹೇಳಬಹುದು. ಭರತನು ಕಂಡಿದ್ದರೆ, ಉತ್ತರೀಯವೂ ಉಂಗುರವೂ ಇನ್ನೂ ರಂಗಕ್ಕೆ ಬರುತ್ತಿವೆಯೆಂದು ಸಂತೋಷಪಡುತ್ತಿದ್ದನು.

ಈ ಏರ್ಪಾಡಿನಲ್ಲಿ ಒಂದು ಅಂಶವು ಮಾತ್ರ ಹಣದ ಅಳತೆಗೆ ಸಿಕ್ಕುವುದಿಲ್ಲ. ಹಣವನ್ನು ಕೊಟ್ಟು ದುರ್ಯೋಧನನಾಗಬಹುದು, ಕಿರೀಟವನ್ನೂ ಗದೆಯನ್ನೂ ಪಡೆಯಬಹುದು. ಹಣವನ್ನು ಕೊಟ್ಟು ನಗಿಸಲಾಗದು. ರಾಜಪಾರ್ಟಿನವನು ಕಂದದಲ್ಲಿ ತಪ್ಪಿದರೆ ನೆಂಟರು ಕ್ಷಮಿಸುತ್ತಾರೆ. ನಗೆಗಾರನು ತಪ್ಪಿದರೆ ಒಡಹುಟ್ಟಿದವನೂ ನಗುವುದಿಲ್ಲ. ಆದುದರಿಂದಲೇ ಹಾಸ್ಯಪಾತ್ರಕ್ಕೆ ಊರಿನಲ್ಲಿ ನಿಜವಾಗಿ ಬಲ್ಲವನನ್ನು ಹುಡುಕಬೇಕಾಗುತ್ತದೆ. ಅವನು ಸಾಮಾನ್ಯವಾಗಿ ಓದುಬರಹದಲ್ಲಾಗಲಿ ಆಸ್ತಿಯಲ್ಲಾಗಲಿ ಮುಂದಿರುವವನಲ್ಲ. ಸಂತೆಯಲ್ಲಿ, ಬಾವಿಯ ಕಟ್ಟೆಯ ಬಳಿ, ಮದುವೆಯ ಮನೆಯಲ್ಲಿ ಜನರ ಮುಖವನ್ನು ಓದಿ ಕಲಿತವನು. ಕಂಪನಿಯ ಒಡೆಯನು ಕಿರೀಟವನ್ನು ಬಿಟ್ಟು ಕಳ್ಳನ ವೇಷವನ್ನು ಆರಿಸಿಕೊಂಡಾಗ ಎತ್ತಿಹಿಡಿದುದು ಇಂಥವನ ವಿದ್ಯೆಯನ್ನೇ.

ಪೇಟೆಗಳ ಸುಶಿಕ್ಷಿತ ಕುಟುಂಬಗಳು ಇಂಥ ನಾಟಕಗಳ ಕರಪತ್ರವನ್ನು ಕಂಡು ಮುಗುಳುನಕ್ಕು ಮಡಿಸಿಡುವುದು ವಾಡಿಕೆ. ಒಂದು ರಾತ್ರಿ ಹೋಗಿ ನೆಲದ ಮೇಲೆ ಕುಳಿತು ನೋಡಿದರೆ, ಕೊರತೆಗಳು ಕಾಣುವುದು ನಿಶ್ಚಯ. ಶ್ರುತಿ ತಪ್ಪುತ್ತದೆ, ಮೈಕು ಕಿರಿಚುತ್ತದೆ, ಯುದ್ಧವು ಮುಗಿಯುವುದಕ್ಕೆ ಮೊದಲೇ ಬೆಳಗಾಗುತ್ತದೆ. ಆದರೆ ನಗೆಗಾರನು ಬಂದಾಗ ಆ ಜನಸ್ತೋಮವು ಮುಂದಕ್ಕೆ ಬಾಗುವ ರೀತಿಯನ್ನೂ, ಅವನ ಮಾತು ಫಲಿಸಿದಾಗ ಒಂದೇ ಉಸಿರಿನಲ್ಲಿ ಏಳುವ ನಗೆಯನ್ನೂ, ಅದನ್ನು ಕೇಳಿ ಅವನು ಮುಂದಿನ ಮಾತನ್ನು ಅರೆಕ್ಷಣ ತಡೆದು ನಿಲ್ಲುವುದನ್ನೂ ಕಂಡವರಿಗೆ, ಸದಾರಮೆ ಹೊಸದಾಗಿದ್ದ ದಿನಗಳಲ್ಲಿ ನಡೆದುದೇನೆಂಬುದನ್ನು ಬೇರೆ ಯಾರೂ ವಿವರಿಸಬೇಕಾಗುವುದಿಲ್ಲ.